ನೂರು ರೂಪಾಯಲ್ಲಿ 45 ಪೈಸೆ ಥೆರಪಿ, ಉಳಿದಿದ್ದೆಲ್ಲ ಅಮ್ಮ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಮಾತಿನ ಧಾಟಿಯನ್ನು ಹಾಗೇ ಉಳಿಸಿಕೊಳ್ಳಲಾಗಿದೆ.)

ಹಾಸನದಿಂದ ಮಾತಾಡ್ತಾ ಇದ್ದೀನಿ. ಈ ಪಾಡ್‌ಕಾಸ್ಟ್‌ನಲ್ಲಿ ನಾವು ಸಾಮಾನ್ಯವಾಗಿ ದುಡ್ಡಿನ ವಿಷಯ ಮಾತಾಡ್ತೀವಿ. ಆಲೂಗಡ್ಡೆ ರೇಟು, ಚೀಟಿ ವ್ಯವಹಾರ, ಸೊಸೈಟಿ ಸಾಲ, ಹೀಗೆ. ಬಿ.ಕಾಂ. ಓದಿದವನಿಗೆ ಲೆಕ್ಕ ಬಿಟ್ಟರೆ ಬೇರೇನೂ ಬರಲ್ಲ ಅಂತ ನೀವೇ ತಮಾಷೆ ಮಾಡ್ತೀರಾ. ಇವತ್ತೂ ಒಂದು ಲೆಕ್ಕನೇ ಹೇಳ್ತೀನಿ. ಆದರೆ ಇದು ನಮ್ಮ ಮನೆ ಲೆಕ್ಕ.

ನನ್ನ ಅಕ್ಕನನ್ನ ಅರಕಲಗೂಡು ಕಡೆ ಒಂದು ಹಳ್ಳಿಗೆ ಕೊಟ್ಟಿರೋದು. ಅವಳ ಮಗನಿಗೆ ಈಗ ಆರು ವರ್ಷ. ಹೆಸರು ಹೇಳಲ್ಲ, ಮನೇಲಿ ಪುಟ್ಟ ಅಂತೀವಿ, ಇಲ್ಲೂ ಹಾಗೇ ಕರೀತೀನಿ. ಅಕ್ಕನ್ನ ಕೇಳಿಯೇ ಇದನ್ನ ಹೇಳ್ತಾ ಇದ್ದೀನಿ. 'ಹೇಳು, ಯಾರಿಗಾದ್ರೂ ಉಪಯೋಗ ಆಗ್ಲಿ' ಅಂದ್ಲು.

ಹೋದ ವರ್ಷ ಒಂದು ಸಂಜೆ ಭಾವ ಫೋನ್ ಮಾಡಿದ್ರು. 'ಪುಟ್ಟ ಕಾಣ್ತಿಲ್ಲ ಕಣೋ.' ಅಷ್ಟೇ ಹೇಳಿದ್ದು. ಅವರ ಮನೆಯಿಂದ ಸ್ವಲ್ಪ ದೂರದಲ್ಲೇ ನಾಲೆ ಇದೆ. ನಾಲೆ ತುಂಬ ನೀರು ಬಿಟ್ಟಿದ್ದ ಕಾಲ. ನಾನು ಹಾಸನದಲ್ಲಿ, ಅಲ್ಲಿಗೆ ಹೋಗೋಕೆ ಒಂದು ಗಂಟೆ ಬೇಕು. ಗಾಡಿ ಸ್ಟಾರ್ಟ್ ಮಾಡೋಕೂ ಕೈ ಆಡ್ತಾ ಇರಲಿಲ್ಲ.

ನಲವತ್ತು ನಿಮಿಷ ಆದಮೇಲೆ ಸಿಕ್ಕಿದ. ದನ ಮೇಯಿಸೋ ಒಬ್ಬ ಅಜ್ಜಿ ನೋಡಿದ್ದು. ನಾಲೆ ಏರಿ ಮೇಲೆ ಕೂತ್ಕೊಂಡು ಒಂದೊಂದೇ ಕಲ್ಲು ನೀರಿಗೆ ಹಾಕ್ತಾ ಇದ್ನಂತೆ. ಅಜ್ಜಿ ಕೂಗಾಡಲಿಲ್ಲ, ಓಡಿ ಹೋಗಿ ಹಿಡ್ಕೊಳ್ಳಲೂ ಇಲ್ಲ. ಅವನ ಪಕ್ಕ, ನೀರಿನ ಕಡೆಗೆ, ಅಡ್ಡಲಾಗಿ ಕೂತ್ಕೊಂಡ್ರು. ದಾರಿಲಿ ಹೋಗ್ತಿದ್ದ ಟ್ರ್ಯಾಕ್ಟರ್ ಹುಡುಗನ ಕೈಲಿ ಮನೆಗೆ ಹೇಳಿ ಕಳಿಸಿದ್ರು.

ನಾನು ಹೋಗಿ ನೋಡಿದ್ರೆ ಮನೆ ತುಂಬ ಜನ. ಎಲ್ಲರ ಬಾಯಲ್ಲೂ ಒಂದೇ ಮಾತು. 'ಒಂದು ಮಗು ನೋಡ್ಕೊಳ್ಳೋಕಾಗಲ್ವ ನಿಂಗೆ?' ಅಕ್ಕ ಮೂಲೇಲಿ ಕೂತಿದ್ಲು. ಹಿಂದಿನ ಎರಡು ರಾತ್ರಿ ಪುಟ್ಟ ಮಲಗಿರಲಿಲ್ಲ, ಅವನ ಜೊತೆ ಅವಳೂ ಮಲಗಿರಲಿಲ್ಲ. ಆವತ್ತು ಸಂಜೆ ಗೋಡೆಗೆ ಒರಗಿದವಳಿಗೆ ಹತ್ತು ನಿಮಿಷ ಕಣ್ಣು ಹತ್ತಿಬಿಟ್ಟಿತ್ತು. ಆ ಹತ್ತು ನಿಮಿಷದ ಲೆಕ್ಕ ಮಾತ್ರ ಎಲ್ಲರೂ ಇಟ್ಟಿದ್ರು. ಅದಕ್ಕೆ ಮುಂಚಿನ ಐದು ವರ್ಷದ ಲೆಕ್ಕ ಯಾರೂ ಇಟ್ಟಿರಲಿಲ್ಲ. ನಾನೂ ಇಟ್ಟಿರಲಿಲ್ಲ.

'ಗಂಡು ಮಕ್ಕಳಿಗೆ ಮಾತು ಲೇಟು'

ಪುಟ್ಟನಿಗೆ ಆಟಿಸಂ ಇದೆ. ಪುಸ್ತಕದಲ್ಲಿ ಸ್ವಲೀನತೆ ಅಂತ ಬರೀತಾರೆ. ಆಟಿಸಂ, ಎಡಿಎಚ್‌ಡಿ, ಡಿಸ್ಲೆಕ್ಸಿಯಾ ಥರದ್ದಕ್ಕೆಲ್ಲ ಸೇರಿಸಿ ಈಗ ನ್ಯೂರೋಡೈವರ್ಜೆಂಟ್ ಅನ್ನೋ ಪದ ಬಂದಿದೆ. ಸರಳವಾಗಿ ಹೇಳೋದಾದ್ರೆ, ನೋಡೋದು, ಕೇಳೋದು, ಕಲಿಯೋದು, ಗಮನ ಕೊಡೋದು, ಇವೆಲ್ಲ ಬೇರೆ ರೀತಿಯಲ್ಲಿ ನಡೆಯೋ ಮಿದುಳು. ಹುಟ್ಟಿನಿಂದ ಬಂದಿದ್ದು, ಜ್ವರದ ಹಾಗೆ ಬಂದು ಹೋಗೋದಲ್ಲ.

ಒಂದೂವರೆ ವರ್ಷದವನಿದ್ದಾಗ ಅಕ್ಕ ನನಗೆ ಹೇಳಿದ್ಲು. ಹೆಸರು ಹಿಡಿದು ಕರೆದ್ರೆ ತಿರುಗಲ್ಲ. ಬೇಕಾದ್ದನ್ನ ಬೆರಳು ಮಾಡಿ ತೋರಿಸಲ್ಲ, ನಮ್ಮ ಕೈ ಹಿಡ್ಕೊಂಡು ಅಲ್ಲಿಗೆ ಎಳೀತಾನೆ. 'ಅಮ್ಮ', 'ಬಾ' ಅಂತಿದ್ದಿದ್ದೂ ನಿಂತುಹೋಗಿದೆ. ನಾನು ದೊಡ್ಡ ತಿಳಿದವನ ಹಾಗೆ ಏನಂದೆ ಗೊತ್ತಾ? 'ಗಂಡು ಮಕ್ಕಳಿಗೆ ಮಾತು ಲೇಟು ಕಣಕ್ಕ, ನೀನು ಸುಮ್ನೆ ಗಾಬರಿ ಆಗ್ಬೇಡ.' ಅವಳು ನಂಬಿದ್ಲು. ಮತ್ತೆ ಡಾಕ್ಟರ್ ಹತ್ರ ಹೋಗೋಷ್ಟರಲ್ಲಿ ಅವನಿಗೆ ಮೂರು ತುಂಬಿತ್ತು. ಆ ಒಂದೂವರೆ ವರ್ಷ ನನ್ನ ಖಾತೆಗೆ ಬರೀಬೇಕಾದ ಸಾಲ.

ನಿಮ್ಮ ಮನೇಲಿ ಪುಟ್ಟ ಮಕ್ಕಳಿದ್ರೆ ಇಷ್ಟು ನೆನಪಿಡಿ. ಒಂದು ವರ್ಷವಾದರೂ ಹೆಸರಿಗೆ ತಿರುಗದಿದ್ರೆ, ಒಂದೂವರೆ ವರ್ಷವಾದರೂ ಬೆರಳು ಮಾಡಿ ತೋರಿಸದಿದ್ರೆ, ಎರಡು ವರ್ಷಕ್ಕೂ ಎರಡು ಪದ ಜೋಡಿಸದಿದ್ರೆ, ಬಂದ ಮಾತು ನಿಂತುಹೋದ್ರೆ, ಕಾಯಬೇಡಿ. ತೋರಿಸಿ. ಮೊದಲು ಕಿವಿ ಪರೀಕ್ಷೆ ಮಾಡಿಸಿ, ಯಾಕಂದ್ರೆ ಕಿವಿ ಕೇಳದ ಮಗುವೂ ಹೆಸರಿಗೆ ತಿರುಗಲ್ಲ. ಏನೂ ಇಲ್ಲ ಅಂತ ಗೊತ್ತಾದ್ರೆ ಸಂತೋಷ, ಹೋಗಿದ್ದು ಒಂದು ದಿನ ಅಷ್ಟೇ.

ಆಮೇಲೆ ಶುರುವಾಯ್ತು ನೋಡಿ, ಯಾರಿಂದ ಹಿಂಗಾಯ್ತು ಅನ್ನೋ ಪಂಚಾಯ್ತಿ. ಮೊಬೈಲ್ ಕೊಟ್ಟಿದ್ದಕ್ಕೆ ಅಂದ್ರು ಒಬ್ಬರು. ಗ್ರಹಣದಲ್ಲಿ ಹೊರಗೆ ಬಂದಿದ್ಲು ಅಂದ್ರು ಇನ್ನೊಬ್ಬರು. ಲಸಿಕೆ ಅಂದ್ರು ಮತ್ತೊಬ್ಬರು. ಲಸಿಕೆ ಕತೆ ಹುಟ್ಟಿದ್ದು 1998ರಲ್ಲಿ ಇಂಗ್ಲೆಂಡಿನ ಒಂದು ಲೇಖನದಿಂದ. ಅದನ್ನ ಪ್ರಕಟಿಸಿದ್ದ ಲ್ಯಾನ್ಸೆಟ್ ಪತ್ರಿಕೆಯೇ 2010ರಲ್ಲಿ ವಾಪಸ್ ತಗೊಂಡಿತು. ಮೊಬೈಲ್ ಕಮ್ಮಿ ಮಾಡಿ ಮಗುವಿನ ಜೊತೆ ಮಾತಾಡೋದು ಎಲ್ಲ ಮಕ್ಕಳಿಗೂ ಒಳ್ಳೇದು, ಆದರೆ ಮೊಬೈಲ್‌ನಿಂದ ಆಟಿಸಂ ಹುಟ್ಟಲ್ಲ. ತಾಯಿ ಸರಿಯಾಗಿ ಬೆಳೆಸದೇ ಇದ್ದಿದ್ದಕ್ಕೂ ಹುಟ್ಟಲ್ಲ. ಈ ಕೊನೇ ಮಾತನ್ನ ಅತ್ತೆ, ಮಾವ, ನಾದಿನಿ ಇರೋ ಮನೇಲಿ ಗಟ್ಟಿಯಾಗಿ ಹೇಳೋಕೆ ಒಬ್ಬರು ಬೇಕು. ಪೂರ್ತಿ ವಾಸಿ ಮಾಡ್ತೀವಿ ಅನ್ನೋ ಜಾಹೀರಾತಿಗೆ ಮಾತ್ರ ದುಡ್ಡು ಸುರೀಬೇಡಿ. ಆಟಿಸಂಗೆ ಸ್ಟೆಮ್ ಸೆಲ್ ಚಿಕಿತ್ಸೆಯನ್ನ ಶಿಫಾರಸು ಮಾಡಲ್ಲ ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗದ ಮಂಡಳಿ 2022ರಲ್ಲೇ ಹೇಳಿದೆ.

ಒಂದು ವಾರದ ಖಾತೆ

ಪುಟ್ಟನ ಪರೀಕ್ಷೆ ಆಗಿದ್ದು ಮೈಸೂರಿನ ಮಾನಸಗಂಗೋತ್ರಿಯಲ್ಲಿರೋ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ. 1965ರಿಂದ ಇರೋ ಕೇಂದ್ರ ಸರ್ಕಾರದ ಸಂಸ್ಥೆ. ನಮ್ಮ ಕಡೆ 'ಸ್ಪೀಚ್ ಅಂಡ್ ಹಿಯರಿಂಗ್' ಅಂದ್ರೆ ಗೊತ್ತಾಗುತ್ತೆ. ಆಮೇಲೆ ಮೈಸೂರಿನದೇ ಒಂದು ಖಾಸಗಿ ಕೇಂದ್ರಕ್ಕೆ ವಾರಕ್ಕೊಂದು ದಿನ ಥೆರಪಿಗೆ ಹೋಗೋಕೆ ಶುರು ಮಾಡಿದ್ರು.

ನಾಲೆ ಘಟನೆ ಆದಮೇಲೆ ನಾನು ಕೂತು ಆ ದಿನದ ಲೆಕ್ಕ ಬರೆದೆ. ಬೆಳಿಗ್ಗೆ ನಾಲ್ಕೂವರೆಗೆ ಏಳೋದು. ಮೊದಲ ಬಸ್ಸು. ಅರಕಲಗೂಡಿಗೆ ರೈಲಿಲ್ಲ. ಬಸ್ಸಲ್ಲಿ ಹೆಚ್ಚುಕಮ್ಮಿ ಮೂರು ಗಂಟೆ. ಹಾರ್ನ್ ಹೊಡೆದಾಗೆಲ್ಲ ಪುಟ್ಟ ಕಿವಿ ಮುಚ್ಕೊಂಡು ಕಿರುಚ್ತಾನೆ. 'ಏನಮ್ಮ ಮಗೂಗೆ ಒಂದೇಟು ಹಾಕಬಾರ್ದಾ' ಅಂತ ಯಾರಾದ್ರೂ ಒಬ್ಬರು ಹೇಳೇ ಹೇಳ್ತಾರೆ. ಅಲ್ಲಿ ಥೆರಪಿ 45 ನಿಮಿಷ. ವಾಪಸ್ ಮನೆ ಸೇರೋದು ಸಂಜೆ ಆರೂವರೆಗೆ. ಹದಿನಾಲ್ಕು ಗಂಟೆ. ಶಕ್ತಿ ಯೋಜನೆಯಿಂದ ಅಕ್ಕನ ಟಿಕೆಟ್ ಸೊನ್ನೆ, ಅದೊಂದು ಪುಣ್ಯ. ಥೆರಪಿ ಫೀಸು, ಆಟೋ, ಊಟ ಎಲ್ಲ ಸೇರಿ ಸಾವಿರದ ಮುನ್ನೂರು. ಭಾವ ಜೊತೆಗೆ ಹೋದ್ರೆ ಅವರ ಒಂದು ದಿನದ ದುಡಿಮೆಯೂ ಹೋಯ್ತು.

ಈಗ ಇನ್ನೊಂದು ಲೆಕ್ಕ ನೋಡಿ. ವಾರಕ್ಕೆ 168 ಗಂಟೆ, ಅಂದ್ರೆ 10,080 ನಿಮಿಷ. ಅದರಲ್ಲಿ ಥೆರಪಿ 45 ನಿಮಿಷ. ಪುಟ್ಟನ ವಾರವನ್ನ ನೂರು ರೂಪಾಯಿ ಅಂತ ಇಟ್ಕೊಂಡ್ರೆ, ಥೆರಪಿಸ್ಟ್ ಕೈಲಿರೋದು ಬರೀ 45 ಪೈಸೆ. ಉಳಿದ 99 ರೂಪಾಯಿ 55 ಪೈಸೆ ಅಕ್ಕನ ಕೈಲಿ.

ನಾವೆಲ್ಲ ಏನು ಮಾಡ್ತಿದ್ವಿ? ಆ 45 ಪೈಸೆ ಬಗ್ಗೆ ಮಾತ್ರ ವಿಚಾರಿಸ್ತಿದ್ವಿ. 'ಈ ವಾರ ಹೋಗಿದ್ರಾ? ಏನಂದ್ರು? ಮಾತು ಬಂತಾ?' 99 ರೂಪಾಯಿ ಯಾರ ಹೆಗಲ ಮೇಲಿದೆ, ಅವಳು ಊಟ ಮಾಡಿದ್ಲಾ, ಮಲಗಿದ್ಲಾ, ಯಾರೂ ಕೇಳ್ತಿರಲಿಲ್ಲ. ಎಂಟು ತಿಂಗಳು ಹೋದ್ರು. ಶುಂಠಿ ಕಿತ್ತು ಮಾರೋ ಹೊತ್ತಲ್ಲಿ ಒಂದು ವಾರ ತಪ್ಪಿತು, ಆಮೇಲೆ ಎರಡು ವಾರ, ಆಮೇಲೆ ನಿಂತೇ ಹೋಯ್ತು. ಥೆರಪಿ ಸರಿ ಇರಲಿಲ್ಲ ಅಂತಲ್ಲ. ಕರ್ಕೊಂಡು ಹೋಗೋ ಮನುಷ್ಯರಿಗೆ ಸಾಕಾಗಿ ಹೋಗಿತ್ತು.

ಅಮ್ಮಂಗೆ ಕಲಿಸಿದ್ರೆ

ಹಾಗಾದ್ರೆ ಆ 99 ರೂಪಾಯಿಯ ಸಮಯದಲ್ಲಿ ಏನಾದ್ರೂ ಮಾಡಬಹುದಾ? ಮಾಡಬಹುದು, ಅದನ್ನ ಪರೀಕ್ಷೆ ಮಾಡಿಯೂ ನೋಡಿದ್ದಾರೆ. ಗೋವಾದಲ್ಲಿ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ ಆಟಿಸಂ ಇರೋ 65 ಮಕ್ಕಳ ಮನೆಗಳ ಜೊತೆ ಒಂದು ಅಧ್ಯಯನ ಆಯ್ತು. 2016ರಲ್ಲಿ ಲ್ಯಾನ್ಸೆಟ್ ಸೈಕಿಯಾಟ್ರಿಯಲ್ಲಿ ಬಂದಿದೆ. ಅಲ್ಲಿ ಮನೆಗೆ ಹೋಗಿದ್ದು ದೊಡ್ಡ ಡಾಕ್ಟರುಗಳಲ್ಲ, ತರಬೇತಿ ಪಡೆದ ಸಾಮಾನ್ಯ ಆರೋಗ್ಯ ಕಾರ್ಯಕರ್ತರು. ಅಪ್ಪ ಅಮ್ಮ ಮಗು ಜೊತೆ ಆಡೋದನ್ನ ವಿಡಿಯೋ ಮಾಡಿ, ಅವರ ಜೊತೇಲೇ ಕೂತು ನೋಡಿ, 'ಇಲ್ಲಿ ನೋಡಿ, ಮಗು ಏನೋ ಕೇಳ್ತಾ ಇದೆ, ನೀವು ಕಾದಿದ್ದು ಒಳ್ಳೇದಾಯ್ತು' ಅಂತ ತೋರಿಸಿಕೊಡೋದು. ಅಂಥ ಮನೆಗಳಲ್ಲಿ ಹೆತ್ತವರು ಮಗುವಿನ ಜೊತೆ ಹೊಂದಿಕೊಳ್ಳೋದು ಜಾಸ್ತಿ ಆಯ್ತು, ಮಕ್ಕಳೂ ತಾವಾಗೇ ಸಂಪರ್ಕಕ್ಕೆ ಮುಂದಾಗೋದು ಜಾಸ್ತಿ ಆಯ್ತು. ವಿಶ್ವ ಆರೋಗ್ಯ ಸಂಸ್ಥೆಯದ್ದೂ ಇಂಥದ್ದೇ ಒಂದು ತರಬೇತಿ ಇದೆ. ಎರಡರಿಂದ ಒಂಬತ್ತು ವರ್ಷದ ಮಕ್ಕಳನ್ನ ನೋಡಿಕೊಳ್ಳೋರಿಗೆ ಒಂಬತ್ತು ಗುಂಪು ತರಗತಿ, ಮೂರು ಸಲ ಮನೆ ಭೇಟಿ. ಅದನ್ನೂ ತಜ್ಞರೇ ನಡೆಸಬೇಕು ಅಂತಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ 2021ರ ಅಂದಾಜಿನ ಪ್ರಕಾರ 127 ಜನರಲ್ಲಿ ಒಬ್ಬರಿಗೆ ಆಟಿಸಂ ಇದೆ. ಅದೇ ಲೆಕ್ಕ ಹಿಡಿದ್ರೆ ಒಂದು ಲಕ್ಷ ಜನ ಇರೋ ಕಡೆ ಏಳುನೂರಕ್ಕೂ ಹೆಚ್ಚು ಜನ ಆಯ್ತು. ಅಷ್ಟೂ ಜನರನ್ನ ಮೊದಲ ಬಸ್ಸು ಹತ್ತಿಸಿ ಮೈಸೂರಿಗೆ ಕಳಿಸೋಕಾಗುತ್ತಾ? ಕಲಿಸೋರು ಅರಕಲಗೂಡಿಗೇ ಬರಬೇಕು.

ಅಕ್ಕನಿಗೆ ಮೈಸೂರಲ್ಲಿ ಕಲಿಸಿದ್ದು ಮೂರೇ ಮೂರು ವಿಷಯ. ಅವನು ಏನು ಆಡ್ತಾನೋ ಅದನ್ನೇ ನೀನೂ ಆಡು. ಚಿಕ್ಕ ಮಾತಲ್ಲಿ ಹೇಳು. ಹೇಳಿದ ಮೇಲೆ ಕಾಯಿ. ಅವಳು ಹಳೇ ಲಗ್ನಪತ್ರಿಕೆಗಳನ್ನ ಕತ್ತರಿಸಿ, ಹಿಂದೆ ಸ್ಕೆಚ್ ಪೆನ್ನಲ್ಲಿ ಚಿತ್ರ ಬರೆದು ಕಾರ್ಡ್ ಮಾಡಿದ್ದಾಳೆ. ನೀರು, ಅನ್ನ, ಬಚ್ಚಲು, ಹೊರಗೆ. ಈಗ ಪುಟ್ಟ ನೀರಿನ ಕಾರ್ಡ್ ತಂದು ಕೊಡ್ತಾನೆ. ಮಾತು ಇನ್ನೂ ಅಷ್ಟಾಗಿ ಬಂದಿಲ್ಲ. ಆದರೆ ನೀರು ಕೇಳೋಕೆ ತಲೆ ಚಚ್ಚಿಕೊಳ್ಳೋದು ನಿಂತಿದೆ.

ನಮ್ಮೂರಲ್ಲೇ ಯಾರ್ಯಾರನ್ನ ಕೇಳಬೇಕು

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ನೀವು ಎಲ್ಲೇ ಇರಿ, ಇದನ್ನ ಬರ್ಕೊಳ್ಳಿ.

ಒಂದು, ಅಂಗನವಾಡಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಅಂತ 2013ರಿಂದ ಇದೆ, ಆರ್‌ಬಿಎಸ್‌ಕೆ. ಅದರ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ, ಒಂದು ಸಲ ಸರ್ಕಾರಿ ಶಾಲೆಗೆ ಬಂದು ಮಕ್ಕಳನ್ನ ನೋಡಬೇಕು. ಬೆಳವಣಿಗೆ ನಿಧಾನ ಆಗಿರೋದನ್ನ ಗುರುತಿಸೋದೂ ಅವರ ಕೆಲಸವೇ. ತಂಡ ಯಾವಾಗ ಬರುತ್ತೆ ಅಂತ ಟೀಚರ್ ಹತ್ರ ಕೇಳಿಟ್ಕೊಳ್ಳಿ. ಆ ದಿನ 'ಮಗು ಗಲಾಟೆ ಮಾಡುತ್ತೆ' ಅಂತ ಮನೇಲಿ ಉಳಿಸಬೇಡಿ.

ಎರಡು, ಶಾಲೆಗೆ ಸೇರೋ ವಯಸ್ಸಾಗಿದ್ರೆ ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರ, ಬಿಆರ್‌ಸಿ. ಅಲ್ಲಿ ವಿಶೇಷ ಅಗತ್ಯ ಇರೋ ಮಕ್ಕಳಿಗಾಗಿಯೇ ಬಿಐಇಆರ್‌ಟಿ ಅನ್ನೋ ಸಂಪನ್ಮೂಲ ಶಿಕ್ಷಕರಿರ್ತಾರೆ. ಶಾಲೆಗೆ ಬರೋಕೆ ಆಗದ ಮಕ್ಕಳಿಗೆ ಮನೆಯಲ್ಲೇ ಕಲಿಸೋ ವ್ಯವಸ್ಥೆಯೂ ಇದೆ. 'ನಮ್ಮ ಶಾಲೇಲಿ ಇಂಥ ಮಕ್ಕಳನ್ನ ತಗೊಳ್ಳಲ್ಲ' ಅಂದ್ರೆ ಸುಮ್ನೆ ವಾಪಸ್ ಬರಬೇಡಿ, ಬಿಇಒಗೆ ಬರವಣಿಗೆಯಲ್ಲಿ ಕೊಡಿ.

ಮೂರು, ಯುಡಿಐಡಿ ಕಾರ್ಡ್. 1995ರ ಕಾಯ್ದೆಯಲ್ಲಿ ಏಳೇ ಅಂಗವೈಕಲ್ಯ ಇದ್ದಿದ್ದು. 2016ರ ಕಾಯ್ದೆಯಲ್ಲಿ 21 ಆಗಿದೆ, ಆಟಿಸಂ ಮತ್ತು ಕಲಿಕಾ ನ್ಯೂನತೆ ಎರಡೂ ಸೇರಿವೆ. ಅರ್ಜಿ ಆನ್‌ಲೈನ್‌ನಲ್ಲಿ ಹಾಕಬೇಕು, ಆಮೇಲೆ ವೈದ್ಯರ ತಂಡ ನೋಡುತ್ತೆ. ಅಕ್ಕ ಒಂದು ಉಪಾಯ ಮಾಡಿದ್ಲು. ಹೊಸ ಜಾಗದಲ್ಲಿ ಪುಟ್ಟ ಹೇಗಿರ್ತಾನೋ ಗೊತ್ತಿಲ್ಲ ಅಂತ, ಮನೇಲಿ ಅವನು ಇರೋ ರೀತಿಯನ್ನ ಮುಂಚೆಯೇ ಮೊಬೈಲ್‌ನಲ್ಲಿ ವಿಡಿಯೋ ಮಾಡ್ಕೊಂಡು ಹೋದ್ಲು. ಈ ಕಾಗದಕ್ಕೆಲ್ಲ ದಾರಿ ತೋರಿಸೋಕೆ ಪಂಚಾಯ್ತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ಅಂದ್ರೆ ವಿಆರ್‌ಡಬ್ಲ್ಯೂ ಅಂತ ಇರ್ತಾರೆ. ಅವರ ಫೋನ್ ನಂಬರ್ ಪಂಚಾಯ್ತಿ ಆಫೀಸಲ್ಲಿ ಕೇಳಿ ತಗೊಳ್ಳಿ.

ನಾಲ್ಕು, ನಿರಾಮಯ. ರಾಷ್ಟ್ರೀಯ ನ್ಯಾಸದ, ಅಂದ್ರೆ ನ್ಯಾಷನಲ್ ಟ್ರಸ್ಟ್‌ನ ಆರೋಗ್ಯ ವಿಮೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಸಾಮರ್ಥ್ಯ, ಬಹುವಿಧ ಅಂಗವೈಕಲ್ಯ ಇರೋರಿಗೆ ಒಂದು ಲಕ್ಷ ರೂಪಾಯಿವರೆಗೆ. ಸೇರೋಕೆ ಮುಂಚೆ ಮೆಡಿಕಲ್ ಟೆಸ್ಟ್ ಇಲ್ಲ. ಥೆರಪಿ ಖರ್ಚಿಗೂ ಒಂದು ಮಿತಿಯೊಳಗೆ ಹಣ ಸಿಗುತ್ತೆ. ಆದರೆ ಮೊದಲು ನಾವು ಖರ್ಚು ಮಾಡಿ ಆಮೇಲೆ ಬಿಲ್ ಕೊಟ್ಟು ತಗೋಬೇಕು, ಹಾಗಾಗಿ ಪ್ರತಿ ರಸೀದಿಯನ್ನೂ ಜೋಪಾನ ಮಾಡಿ. ಲೆಕ್ಕದವನು ಹೇಳ್ತಿದ್ದೀನಿ, ಒಂದು ಫೈಲ್ ಮಾಡಿ.

ಚನ್ನರಾಯಪಟ್ಟಣದಿಂದ ಒಬ್ಬ ತಂದೆ ಮೆಸೇಜ್ ಕಳಿಸಿದ್ರು. ಮಗ ಎಂಟನೇ ಕ್ಲಾಸು, ಬಾಯಲ್ಲಿ ಎಲ್ಲ ಹೇಳ್ತಾನೆ, ಬರೆಯೋಕೆ ಬರಲ್ಲ, ಸೋಮಾರಿ ಅಂತ ಹೊಡೀತಿದ್ದೆ ಅಂತ. ಸರ್, ಅದು ಸೋಮಾರಿತನ ಅಲ್ಲದೇ ಇರಬಹುದು, ಕಲಿಕಾ ನ್ಯೂನತೆ ಇದೆಯಾ ಅಂತ ಪರೀಕ್ಷೆ ಮಾಡಿಸಿ. ಇದೆ ಅಂತಾದ್ರೆ ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆದುಕೊಡೋಕೆ ಒಬ್ಬರು, ಇಂಥ ಅವಕಾಶ ಇದೆ. ಹತ್ತನೇ ಕ್ಲಾಸಿನ ಕೊನೇಲಿ ಓಡಾಡೋ ಬದಲು ಈಗಲೇ ಶಾಲೆಯಲ್ಲಿ ಮಾತಾಡಿ. ಹೊಡೆದಿದ್ದು ಹೊಡೆದಾಯ್ತು, ನಾನೂ ಒಂದೂವರೆ ವರ್ಷ ಕಳೆದವನೇ. ಇವತ್ತಿಂದ ಬೇಡ.

ಹೊಳೆನರಸೀಪುರದಿಂದ ಒಬ್ಬ ತಾಯಿ ಬರೆದಿದ್ದು ಇನ್ನೂ ಕಷ್ಟದ ಪ್ರಶ್ನೆ. ಮಗಳಿಗೆ 22. 'ನಾನು ಹೋದ್ಮೇಲೆ ಇವಳಿಗೆ ಯಾರು?' ಪೂರ್ತಿ ಉತ್ತರ ನನ್ನ ಹತ್ರ ಇಲ್ಲ ಅಮ್ಮ. ಕಾಗದದ ಉತ್ತರ ಒಂದಿದೆ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಪ್ರಕಾರ, 18 ತುಂಬಿದ ಮೇಲೆ ಕಾನೂನುಬದ್ಧ ಪೋಷಕರನ್ನ ನೇಮಿಸೋಕೆ ಜಿಲ್ಲೆಯಲ್ಲಿ ಸ್ಥಳೀಯ ಮಟ್ಟದ ಸಮಿತಿ ಇರುತ್ತೆ, ಜಿಲ್ಲಾಧಿಕಾರಿಗಳು ಅದರ ಮುಖ್ಯಸ್ಥರು. ನೀವು ಗಟ್ಟಿಯಾಗಿರೋವಾಗಲೇ ಅದನ್ನ ಮಾಡಿಸಿ.

ನೋಡಿಕೊಳ್ಳೋರನ್ನ ಯಾರು ನೋಡ್ಕೋತಾರೆ

2024ರ ರಾಜ್ಯ ಬಜೆಟ್‌ನಲ್ಲಿ ಒಂದು ಒಳ್ಳೇ ಘೋಷಣೆ ಬಂತು. ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಪಾರ್ಕಿನ್ಸನ್ಸ್, ಮಲ್ಟಿಪಲ್ ಸ್ಕ್ಲೆರೋಸಿಸ್ ಇರೋರನ್ನ ಆರೈಕೆ ಮಾಡೋರಿಗೆ ತಿಂಗಳಿಗೆ 1,000 ರೂಪಾಯಿ. ಆರೈಕೆ ಮಾಡೋದೂ ಒಂದು ಕೆಲಸ ಅಂತ ಸರ್ಕಾರ ಒಪ್ಪಿಕೊಂಡಿದ್ದು ಸಣ್ಣ ಮಾತಲ್ಲ. ಆದರೆ ಆ ಘೋಷಣೆಯಲ್ಲಿ ಆಟಿಸಂ ಇರಲಿಲ್ಲ. ರಾತ್ರಿಯೆಲ್ಲ ಎದ್ದಿರೋ ಅಮ್ಮಂದಿರು ಈ ಕಡೆಯೂ ಇದ್ದಾರೆ ಸ್ವಾಮಿ. ನಮ್ಮ ಶಾಸಕರು ಯಾರಾದ್ರೂ ಕೇಳ್ತಿದ್ರೆ, ಇದನ್ನ ಸದನದಲ್ಲಿ ಎತ್ತಿ.

ಸರ್ಕಾರದ್ದು ಬರೋವಾಗ ಬರ್ಲಿ. ಈಗ ನನ್ನ ವಿಷಯಕ್ಕೆ ಬರ್ತೀನಿ. ನಾಲೆ ಘಟನೆ ಆದ ಮುಂದಿನ ಭಾನುವಾರ ಅಕ್ಕನ ಮನೆಗೆ ಹೋದೆ. 'ನೀನು ಹೋಗಿ ಮಲಕ್ಕೊ, ಸಾಯಂಕಾಲದವರೆಗೂ ಇವನನ್ನ ನಾನು ನೋಡ್ಕೋತೀನಿ' ಅಂದೆ. ಅವಳು ನನ್ನ ಮುಖ ನೋಡಿದ್ಲು. ಐದು ವರ್ಷದಲ್ಲಿ ನಾನು ಬಟ್ಟೆ ತಂದಿದ್ದೀನಿ, ಆಟದ ಸಾಮಾನು ತಂದಿದ್ದೀನಿ, ಯೂಟ್ಯೂಬ್ ಲಿಂಕ್ ಕಳಿಸಿದ್ದೀನಿ, ಸಲಹೆಯಂತೂ ಕೇಳಲೇಬೇಡಿ. ಒಂದು ಮಧ್ಯಾಹ್ನ ಮಾತ್ರ ಕೊಟ್ಟಿರಲಿಲ್ಲ.

ಮೊದಲ ಅರ್ಧ ಗಂಟೆ ಹೇಳಬಾರ್ದು. ಅವನು ಬಾಗಿಲ ಕಡೆ ಓಡೋನು, ನಾನು ಹಿಂದೆ. ನಾಲೆಗೆ ಹೋಗೋಕೇ ಅವನ ಆಸೆ ಅಂತ ಗೊತ್ತಾಯ್ತು. ಆಮೇಲೆ ಹಿತ್ತಲಲ್ಲಿ ಒಂದು ಬಕೆಟ್‌ಗೆ ನೀರು ತುಂಬಿಸಿ, ಒಂದು ಮಂಕರಿ ಕಲ್ಲು ತಂದಿಟ್ಟೆ. ಒಂದು ಕಲ್ಲು ಹಾಕಿದ. ನಾನು 'ಡಬ್' ಅಂದೆ. ಇನ್ನೊಂದು ಹಾಕಿದ. 'ಡಬ್'. ಎಷ್ಟು ಸಲ ಅಂತ ಲೆಕ್ಕ ತಪ್ಪಿಹೋಯ್ತು, ನನಗೇ. ನನ್ನ ಕಡೆ ಒಂದ್ಸಲವೂ ನೋಡಿರಲಿಲ್ಲ. ಬೇಜಾರಾಗಿ ಸುಮ್ಮನಾದೆ. ಅವನು ಕಲ್ಲು ಕೈಲಿ ಹಿಡ್ಕೊಂಡು ಬಕೆಟ್ ಮೇಲೆ ಹಾಗೇ ನಿಂತ. ಹಾಕಲಿಲ್ಲ. ತಿರುಗಿ ನನ್ನ ಬಾಯಿ ನೋಡಿದ.

ಕಾಯ್ತಾ ಇದ್ದ. ನಾನು ಹೇಳಲಿ ಅಂತ.

'ಡಬ್' ಅಂದೆ. ಹಾಕಿದ. ನಕ್ಕ.

ಅಕ್ಕ ಮೂರು ಗಂಟೆ ಮಲಗಿದ್ಲು. ದಡಕ್ಕನೆ ಎದ್ದು 'ಎಲ್ಲಿ ಅವನು?' ಅಂತ ಕೂಗಿಕೊಂಡೇ ಹೊರಗೆ ಬಂದ್ಲು. ನಾವಿಬ್ಬರೂ ಪೂರ್ತಿ ಒದ್ದೆ. ಅವಳು ಬಾಗಿಲಲ್ಲೇ ನಿಂತು ನೋಡ್ತಾ ಇದ್ದು, ಒಳಗೆ ಹೋಗಿ ಕಾಫಿ ಇಟ್ಲು.

ಈಗ ತಿಂಗಳಿಗೆ ಎರಡು ಭಾನುವಾರ ಹೋಗ್ತೀನಿ. ಭಾವ ಅಕ್ಕಪಕ್ಕದ ಮನೆ, ಟೀ ಅಂಗಡಿ, ನೀರುಗಂಟಿ, ಎಲ್ಲರಿಗೂ ಹೇಳಿದ್ದಾರೆ. ಇವನು ಒಬ್ಬನೇ ಕಂಡ್ರೆ ಬೈಬೇಡಿ, ಓಡಿಸಬೇಡಿ, ಪಕ್ಕ ನಿಂತು ಫೋನ್ ಮಾಡಿ ಅಂತ. ಅಂಗಿಯ ಒಳಗೆ ಫೋನ್ ನಂಬರ್ ಹೊಲಿಸಿದ್ದಾರೆ. ಆ ಅಜ್ಜಿಗೆ ಈ ಯುಗಾದಿಗೆ ಅಕ್ಕ ಒಂದು ಸೀರೆ ಕೊಟ್ಲು.

ನೀವು ಇಂಥ ಮಗುವಿನ ಮಾವನೋ, ಚಿಕ್ಕಮ್ಮನೋ, ಪಕ್ಕದ ಮನೆಯವರೋ ಆಗಿದ್ರೆ ಇವತ್ತು ಒಂದು ಕೆಲಸ ಮಾಡಿ. 'ಏನಾದ್ರೂ ಬೇಕಾದ್ರೆ ಹೇಳು' ಅಂತ ಹೇಳಬೇಡಿ, ಅವರು ಯಾವತ್ತೂ ಕೇಳಲ್ಲ. ದಿನ, ಸಮಯ ನೀವೇ ಹೇಳಿ. 'ಶನಿವಾರ ಎರಡರಿಂದ ಐದು ನಾನು ಬರ್ತೀನಿ' ಅಂತ. ಮೊದಲ ಸಲ ಅಮ್ಮ ಮನೇಲೇ ಇರಲಿ, ಮಗು ನಿಮಗೆ ಹೊಂದಿಕೊಳ್ಳಲಿ. ನೀವೇ ಆ ಅಮ್ಮ ಆಗಿದ್ದು, ಇನ್ನು ಆಗಲ್ಲ ಅನ್ನಿಸ್ತಿದ್ರೆ, 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ, ಸರ್ಕಾರದ್ದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು, ರಾತ್ರಿಯೂ ಇರ್ತಾರೆ.

ಇವತ್ತಿನ ಲೆಕ್ಕ ಇಷ್ಟೇ. ಆ 99 ರೂಪಾಯಲ್ಲಿ ನಾನು ಈಗ ಹೊರ್ತಾ ಇರೋದು ಒಂದೆರಡು ರೂಪಾಯಿ ಇರಬಹುದು, ಜಾಸ್ತಿ ಏನಲ್ಲ. ಆದರೆ ಅಕ್ಕ ಮೊನ್ನೆ ಫೋನಲ್ಲಿ ಹೇಳಿದ್ಲು, ಮೈಸೂರಿಗೆ ಮತ್ತೆ ಶುರು ಮಾಡೋಣ ಅಂತಿದ್ದೀನಿ ಕಣೋ, ಹದಿನೈದು ದಿನಕ್ಕೊಂದ್ಸಲ, ನೀನೂ ಬರ್ತೀಯಾ ಅಂತ. ಬರ್ತೀನಿ ಅಂದಿದ್ದೀನಿ.

ಮುಂದಿನ ವಾರ ಮತ್ತೆ ದುಡ್ಡಿನ ಮಾತು, ತೆಂಗಿನಕಾಯಿ ರೇಟಿನ ಬಗ್ಗೆ.